ಹುಣಸೆ ಬೀಜದಿಂದ ಕಡತ: ಒಂಬತ್ತು ವಾರದ ಕೆಲಸದ ಲೆಕ್ಕ

ಹನ್ನೊಂದು ಮಡಿಕೆಯ ಕಡತದಲ್ಲಿ ಎಂಟನೇ ಮಡಿಕೆಯ ಚಿತ್ರ ನಿನ್ನೆ ಮುಗಿಯಿತು. ಕಡತ ಅಂದರೆ ಇಲ್ಲಿ ಕಪ್ಪು ಬಳಿದು ಮಡಚಿದ ಬಟ್ಟೆಯ ಪುಸ್ತಕ, ಒಂದೊಂದು ಮಡಿಕೆ ಒಂದೊಂದು ಪುಟದ ಹಾಗೆ. ಮುಂಬದಿಯಲ್ಲಿ ಇನ್ನೂ ಮೂರು ಖಾಲಿ ಇವೆ. ಎಲ್ಲೆಲ್ಲಿ ಕೆಟ್ಟಿತು, ಎಷ್ಟು ಖರ್ಚಾಯಿತು ಅನ್ನೋದು ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ. ನಾನು ಶುರು ಮಾಡಿದಾಗ ಇಂಥದ್ದೊಂದು ಟಿಪ್ಪಣಿ ಸಿಕ್ಕಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ನಾನು ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದೇನೆ, ಮೂರನೇ ವರ್ಷ. ಊರು ಶಿರಾ ತಾಲ್ಲೂಕು. ಈ ಸಲದ ಡ್ರಾಯಿಂಗ್ ಕೆಲಸಕ್ಕೆ ಅಂಗಡಿ ಪೇಪರ್ ಬೇಡ, ಬರೆಯುವುದಕ್ಕೆ ಬೇಕಾದ್ದನ್ನು ನೀವೇ ಮಾಡಿಕೊಳ್ಳಿ ಎಂದಿದ್ದರು ಮೇಷ್ಟ್ರು. ನಾನು ಬರೆಯಬೇಕು ಅಂದುಕೊಂಡಿದ್ದು ನಮ್ಮ ಜಗುಲಿಯಲ್ಲಿ ಹುಣಸೆಹಣ್ಣು ಕುಟ್ಟುವ ಹೆಂಗಸರನ್ನು. ಕುಟ್ಟಿದ ಮೇಲೆ ಮೂಲೆಯಲ್ಲಿ ಬೀಜದ ರಾಶಿ ಬಿದ್ದಿರುತ್ತದೆ. ಚಿಕ್ಕವರಿದ್ದಾಗ ಅದನ್ನು ಕಲ್ಲಿಗೆ ತೇಯ್ದು ಚೌಕಾಬಾರ ಆಡುತ್ತಿದ್ದೆವು. ಆ ಬೀಜದಿಂದಲೇ ಚಿತ್ರದ ಹಾಳೆ ಮಾಡಬಹುದು ಅಂತ ಗೊತ್ತಾಗಿದ್ದು ಕಡತದಿಂದ.

ಕಡತ ಅಂದರೆ ಈಗ ತಾಲ್ಲೂಕು ಕಚೇರಿಯ ಫೈಲು. ಮೊದಲು ಅದು ಬಟ್ಟೆಯ ಪುಸ್ತಕ. ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಚುತ್ತಿದ್ದರು. ಬಳಪದಲ್ಲಿ ಬರೆಯುತ್ತಿದ್ದರು. ಸ್ಲೇಟಿನ ಹಾಗೆ ಅಳಿಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲಿ ಇಂಥ ಕಡತಗಳಿವೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದ ಪುಸ್ತಕದಲ್ಲಿ ಇದರ ಅಳತೆಯನ್ನೇ ಕೊಟ್ಟಿದ್ದಾನೆ: ಅಗಲ 8 ಇಂಚಿನಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ, ಎರಡೂ ತುದಿಗೆ ಬಣ್ಣ ಹಚ್ಚಿದ ಮರದ ಹಲಗೆ. ಆಗ ಮೈಸೂರಿನ ವ್ಯಾಪಾರಿಗಳು, ಅಂಗಡಿಯವರು ಸಾಮಾನ್ಯವಾಗಿ ಇದನ್ನೇ ಬಳಸುತ್ತಿದ್ದರಂತೆ. ಒಬ್ಬ ವ್ಯಾಪಾರಿಯ ಕಡತದಲ್ಲಿ ಬರೆದಿದ್ದ ಸಾಲಪತ್ರವನ್ನು ಸಾಕ್ಷಿಯಾಗಿ ಒಪ್ಪಿಕೊಂಡಿದ್ದನ್ನೂ ಕಂಡಿದ್ದೇನೆ ಎನ್ನುತ್ತಾನೆ. ಕೈಯಲ್ಲಿ ಒರೆಸಿದರೆ ಹೋಗುವ ಬರಹವನ್ನು ಜನ ಅಷ್ಟು ನಂಬಿದ್ದರು ಅಲ್ವಾ, ಆ ಮಾತು ತಲೆಯಿಂದ ಹೋಗಲೇ ಇಲ್ಲ.

ಅಳತೆ ಸಿಕ್ಕಿತು. ಹದ ಮಾತ್ರ ಎಲ್ಲೂ ಬರೆದಿರಲಿಲ್ಲ.

ಜನವರಿ 19ರಿಂದ 22: ಬೀಜ ಬಿಟ್ಟು ಬೇರೆ ಅಂಟು

ಸಂಕ್ರಾಂತಿಗೆ ಹೋದಾಗ ಊರಿಂದ ಎರಡು ಕಿಲೋ ಬೀಜ ತಂದಿದ್ದೆ. ಆದರೂ ಬೀಜ ರುಬ್ಬುವ ತಾಪತ್ರಯ ಯಾಕೆ ಅಂತ ಮೊದಲು ಸುಲಭದ ಅಂಟುಗಳನ್ನು ನೋಡಿದೆ. 6 ಇಂಚು ಚೌಕದ ಆರು ತುಂಡು ಬಟ್ಟೆ. ಮೂರಕ್ಕೆ ಮೈದಾ ಅಂಟು, ಮೂರಕ್ಕೆ ಬಡಗಿಗಳು ಬಳಸುವ ಬಿಳಿ ಅಂಟು. ಎರಡಕ್ಕೂ ಇದ್ದಿಲ ಪುಡಿ.

ಮೈದಾದ್ದು ಒಣಗುವಷ್ಟರಲ್ಲಿ ಸೊಟ್ಟಗಾಯಿತು. ಮಡಚಿದರೆ ಗೆರೆಯುದ್ದಕ್ಕೂ ಒಡೆದು ಚಕ್ಕೆ ಉದುರಿತು. ಹಾಸ್ಟೆಲ್ ಕಪಾಟಿನಲ್ಲಿ ಇಟ್ಟಿದ್ದೆ, ಮೂರನೇ ದಿನಕ್ಕೆ ಅಂಚನ್ನೆಲ್ಲ ಜಿರಳೆ ತಿಂದಿತ್ತು. ಬಿಳಿ ಅಂಟಿನದು ನೋಡಲು ಬಹಳ ಚೆನ್ನಾಗಿತ್ತು. ಗಾಢ ಕಪ್ಪು, ಮಡಚಿದರೂ ಬಿರುಕಿಲ್ಲ. ಆದರೆ ಬಳಪ ಜಾರುತ್ತಿತ್ತು. ಪ್ಲಾಸ್ಟಿಕ್ ಚೀಲದ ಮೇಲೆ ಬರೆದ ಹಾಗೆ. ಮೂರು ಸಲ ಒತ್ತಿ ಎಳೆದರೆ ಒಂದು ಬೂದು ಗೀರು ಬರುತ್ತಿತ್ತು, ಅಷ್ಟೇ. ಬಳಪದ ಪುಡಿ ನಿಲ್ಲಬೇಕಾದರೆ ಮೇಲ್ಮೈ ಸ್ವಲ್ಪ ತರಿತರಿ ಇರಬೇಕು. ನಾಲ್ಕು ದಿನ, 70 ರೂಪಾಯಿ ಹೋಯಿತು.

ಜನವರಿ 25ರಿಂದ 30: ಬೀಜ

ಇಲ್ಲಿ ದೊಡ್ಡ ತಪ್ಪು ಮಾಡಿದೆ. ಬೀಜವನ್ನು ಹಾಗೇ ರಾತ್ರಿ ನೆನೆಸಿ ಗೆಳತಿಯ ಮಿಕ್ಸಿಗೆ ಹಾಕಿದೆ. ಹುಣಸೆ ಬೀಜ ಒಂದು ರಾತ್ರಿಗೆಲ್ಲ ಮೆತ್ತಗಾಗುವುದಿಲ್ಲ. ಎರಡೇ ಸುತ್ತು, ಜಾರಿನ ಬ್ಲೇಡು ಕಿತ್ತುಬಂತು. ರಿಪೇರಿಗೆ 180 ರೂಪಾಯಿ. ಸಿಕ್ಕಷ್ಟು ತರಿಯನ್ನು ಕುದಿಸಿದರೆ ಕಂದು ನೀರು ಬಂತು, ಅಂಟು ಬರಲಿಲ್ಲ.

ಅಜ್ಜಿಗೆ ಫೋನ್ ಮಾಡಿದೆ.

"ಹುರೀದೇ ಹಂಗೇ ರುಬ್ಬಿದ್ಯೇನವ್ವ? ಸಿಪ್ಪೆ ಹೋಗ್ದೇ ಅಂಟು ಎಲ್ಲಿ ಬತ್ತದೆ? ಮಳ್ಳಲ್ಲಿ ಹುರಿ, ಸಿಪ್ಪೆ ಸಿಡೀತದೆ."

ಅಜ್ಜಿಗೆ ಇದು ಗೊತ್ತಿರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಅವರು ಚಿಕ್ಕವರಿದ್ದಾಗ ಊರಲ್ಲಿ ಕಂಬಳಿ ನೇಯುವ ಮನೆಗಳಿದ್ದವು. ಮಗ್ಗಕ್ಕೆ ಹೂಡುವ ಮುಂಚೆ ಉಣ್ಣೆ ನೂಲಿಗೆ ಇದೇ ಗಂಜಿ ಹಚ್ಚುತ್ತಿದ್ದರಂತೆ. ಚಳ್ಳಕೆರೆ ಕಡೆಯ ಕಂಬಳಿ ನೇಯುವವರದೂ ಇದೇ ಪದ್ಧತಿ. ಕೊಪ್ಪಳದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರೂ ಹುಣಸೆ ಬೀಜದ ಅಂಟನ್ನೇ ನೆಚ್ಚಿಕೊಂಡಿದ್ದಾರೆ. ಇಷ್ಟು ಜನರ ಕೈಯಲ್ಲಿರುವ ವಿದ್ಯೆ, ನಾನು ಮಿಕ್ಸಿಯಿಂದ ಶುರು ಮಾಡಿದ್ದೆ.

ಅಜ್ಜಿ ಹೇಳಿದ ಹಾಗೆ ಮಾಡಿದ ಕ್ರಮ ಇದು:

ಕಬ್ಬಿಣದ ಬಾಣಲೆಗೆ ಎರಡು ಹಿಡಿ ಮರಳು ಹಾಕಿ ಕಾಯಿಸಿ, ಅದರಲ್ಲಿ ಅರ್ಧ ಕಿಲೋ ಬೀಜ ಹುರಿದೆ. ಸಣ್ಣ ಉರಿಯಲ್ಲಿ 12 ನಿಮಿಷ. ಸಿಪ್ಪೆ ಚಟಚಟ ಅನ್ನೋದಕ್ಕೆ ಶುರುವಾದ ಮೇಲೆ ಇನ್ನೆರಡು ನಿಮಿಷ ಸಾಕು. ಜಾಸ್ತಿ ಹುರಿದರೆ ಒಳಗಿನ ಬೇಳೆ ಕೆಂಪಗಾಗಿ ಅಂಟು ಕಡಿಮೆಯಾಗುತ್ತದೆ. ನನ್ನ ಮೊದಲ ಬಾಣಲೆ ಹಾಗೇ ಹೋಯಿತು. ಮರಳು ಜರಡಿ ಹಿಡಿದು, ಬೀಜವನ್ನು ಒರಳಲ್ಲಿ ಹಗುರವಾಗಿ ಕುಟ್ಟಿ, ಮೊರದಲ್ಲಿ ಕೇರಿದೆ. ಸಿಪ್ಪೆ ಹಾರಿತು, ಕೆನೆ ಬಣ್ಣದ ಬೇಳೆ ಉಳಿಯಿತು. ಅರ್ಧ ಕಿಲೋ ಬೀಜಕ್ಕೆ 320 ಗ್ರಾಂ ಬೇಳೆ. ಅದನ್ನು ಎರಡು ರಾತ್ರಿ ನೆನೆಸಿ, ನೀರು ಬದಲಾಯಿಸಿ, ರುಬ್ಬೋ ಕಲ್ಲಿನಲ್ಲಿ ರುಬ್ಬಿದೆ.

ನೀರಿನ ಲೆಕ್ಕ: 100 ಗ್ರಾಂ ಒಣ ಬೇಳೆಗೆ ಒಂದು ಲೀಟರ್. ಸಣ್ಣ ಉರಿಯಲ್ಲಿ 40 ನಿಮಿಷ, ಕೈ ಬಿಡದೆ ತಿರುಗಿಸಬೇಕು. ಮೊದಲು ಹಾಲಿನ ಹಾಗಿರುತ್ತದೆ. ಅರ್ಧ ಗಂಟೆ ಆದ ಮೇಲೆ ಸೌಟು ಭಾರವಾಗುತ್ತದೆ. ಸೌಟು ಎತ್ತಿದರೆ ಎಳೆಯಾಗಿ ಇಳಿಯಬೇಕು, ತೊಟ್ಟಿಕ್ಕಬಾರದು. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿದೆ.

ಎರಡು ಲೀಟರ್ ಅಂಟು ಮೂರನೇ ದಿನಕ್ಕೆ ನಾತ ಹೊಡೆಯಿತು, ಮೇಲೆ ಬೂಷ್ಟು. ಎಲ್ಲ ಚೆಲ್ಲಿದೆ. ಎರಡನೇ ಸಲ ಪುಸ್ತಕ ಬೈಂಡ್ ಮಾಡುವವರು ಅಂಟಿಗೆ ಹಾಕುವ ಮೈಲುತುತ್ತ ಹಾಕಿದೆ. ಲೀಟರಿಗೆ ಕಾಲು ಚಮಚ. ಇದು ವಿಷ. ಅಡುಗೆ ಪಾತ್ರೆಯಲ್ಲಿ ಬೇಡ, ಹಳೆಯ ಬಕೆಟ್ಟು ಬೇರೆಯೇ ಇಡಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ.

ಫೆಬ್ರವರಿ 2ರಿಂದ 6: ಇದ್ದಿಲು

ಇಸ್ತ್ರಿ ಅಂಗಡಿಯಿಂದ ಒಂದು ಕಿಲೋ ಇದ್ದಿಲು, 40 ರೂಪಾಯಿ. ಕುಟ್ಟಿ ಟೀ ಸೋಸುವ ಜರಡಿಯಲ್ಲಿ ಹಿಡಿದೆ. ಅದು ಸಾಲದು. ಒಣಗಿದ ಮೇಲೆ ಬಳಪ ಆ ತರಿಗೆ ಸಿಕ್ಕಿಕೊಂಡು ಗೆರೆ ತಡವರಿಸುತ್ತಿತ್ತು. ಹಳೆಯ ಪಂಚೆಯ ತುಂಡಿಗೆ ಪುಡಿ ಕಟ್ಟಿ, ಡಬ್ಬಿಯೊಳಗೆ ಬಡಿದು ಇಳಿಸಿದ ಮೇಲೆ ಸರಿಹೋಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ರಾತ್ರಿಯೆಲ್ಲ ಕರಿ ಸೀನು.

ನಯವಾದ ಇದ್ದಿಲ ಪುಡಿ ಅಂಟಿಗೆ ಸುಲಭವಾಗಿ ಸೇರುವುದಿಲ್ಲ. ಮೇಲೆ ತೇಲುತ್ತದೆ, ಇಲ್ಲವೇ ಒಳಗೆ ಒಣಗಿರುವ ಗಂಟಾಗುತ್ತದೆ. ಬ್ರಷ್ಷಿನಲ್ಲಿ ಬಳಿದಾಗ ಗಂಟು ಒಡೆದು ಪಟ್ಟೆ ಬೀಳುತ್ತದೆ. ಇದಕ್ಕೆ ಒಂದೇ ದಾರಿ: ಚಟ್ನಿ ಅರೆಯುವ ಹಾಗೆ ಕಲ್ಲಿನ ಮೇಲೆ ಸ್ವಲ್ಪ ಪುಡಿಗೆ ಸ್ವಲ್ಪ ಅಂಟು ಹಾಕಿ ಅರೆಯೋದು. ಒಂದು ಕಪ್ ಅಳತೆಗೆ 20 ನಿಮಿಷ ಬೇಕು.

ಅಳತೆಗಾಗಿ ಏಳು ತುಂಡು ಬಟ್ಟೆ ಕೆಡಿಸಿದೆ. ಎರಡು ಪಾಲು ಅಂಟಿಗೆ ಒಂದು ಪಾಲು ಪುಡಿ ಹಾಕಿದರೆ ಕಪ್ಪು ಚೆನ್ನಾಗಿ ಬರುತ್ತದೆ, ಆದರೆ ಮುಟ್ಟಿದ ಕೈಗೆಲ್ಲ ಮೆತ್ತುತ್ತದೆ. ಐದಕ್ಕೆ ಒಂದು ಹಾಕಿದರೆ ಹಪ್ಪಳದ ಹಾಗೆ ಗಡುಸಾಗಿ ಒಡೆಯುತ್ತದೆ. ಮೂರಕ್ಕೆ ಒಂದು ನಿಂತಿತು.

ಫೆಬ್ರವರಿ 8: ಬಟ್ಟೆ

ಕೋರಾ ಬಟ್ಟೆ, ನಾಲ್ಕು ಮೀಟರ್, ಮೀಟರಿಗೆ 85. ಉದ್ದಕ್ಕೆ ಸೀಳಿ 12 ಅಡಿ ಉದ್ದ, 10 ಇಂಚು ಅಗಲದ ಪಟ್ಟಿ ತೆಗೆದೆ. 12 ಇಂಚಿನ ಹನ್ನೆರಡು ಮಡಿಕೆ ಅಂತ ಲೆಕ್ಕ. ಅದೇ ದಿನ ಬಡಗಿ ಹತ್ತಿರ ಹೋಗಿ 12ಕ್ಕೆ 10ರ ಎರಡು ಹಲಗೆಯನ್ನೂ ಕೊಯ್ಸಿಕೊಂಡು ಬಂದೆ, 150 ರೂಪಾಯಿ.

ಆಮೇಲೆ ಬಟ್ಟೆ ಒಗೆದೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಅದು ಹೋಗದೆ ನಮ್ಮ ಅಂಟು ಹಿಡಿಯೋದಿಲ್ಲ. ಬಿಸಿನೀರಲ್ಲಿ ಸೋಪು ಹಾಕಿ ಕುದಿಸಿ ಒಣಗಿಸಿದೆ. ಅಳೆದರೆ 144 ಇಂಚು ಇದ್ದದ್ದು 137 ಆಗಿತ್ತು. ಅಗಲ ಒಂಬತ್ತು ಮುಕ್ಕಾಲು.

ಒಗೆದು ಆಮೇಲೆ ಕತ್ತರಿಸಬೇಕು ಅನ್ನೋದು ಬ್ಲೌಸ್ ಹೊಲಿಯುವ ಅಮ್ಮನ ಮಗಳಾಗಿ ನನಗೆ ಗೊತ್ತಿರಬೇಕಿತ್ತು. ಕೊನೆಗೆ ಹನ್ನೆರಡರ ಬದಲು ಹನ್ನೊಂದು ಮಡಿಕೆಗೆ ಇಳಿಸಿದೆ. 132 ಇಂಚು ಮಡಿಕೆಗೆ, ಮಿಕ್ಕ 5 ಇಂಚನ್ನು ಎರಡೂ ಕಡೆ ಎರಡೂವರೆಯಂತೆ ಹಲಗೆಗೆ ಅಂಟಿಸಲು. ಹಾಗೆ ನೋಡಿದರೆ ಹಲಗೆಗೆ ಅಂಟಿಸುವ ಅಂಚನ್ನು ನಾನು ಮೊದಲ ಲೆಕ್ಕದಲ್ಲಿ ಬಿಟ್ಟೇಬಿಟ್ಟಿದ್ದೆ.

ಫೆಬ್ರವರಿ 12ರಿಂದ 20: ಬಳಿಯೋದು

ಮೊದಲ ಕೋಟು ಹಾಸ್ಟೆಲ್ ತಾರಸಿ ಮೇಲೆ, ಬಿಸಿಲಿಗೆ. ಇಪ್ಪತ್ತು ನಿಮಿಷದಲ್ಲಿ ಒಣಗಿತು, ಅಂಚು ಮೇಲೆದ್ದು ಸುರುಳಿ ಸುತ್ತಿಕೊಂಡಿತು. ಬಿಡಿಸಲು ಹೋದರೆ ಬಿರುಕು. ಆ ಮೂರು ಅಡಿಯನ್ನು ನೀರಲ್ಲಿ ನೆನೆಸಿ ತೊಳೆದು ಮತ್ತೆ ಶುರು ಮಾಡಿದೆ.

ಆಮೇಲಿಂದ ನೆರಳಲ್ಲಿ. ಕಾರಿಡಾರಿನಲ್ಲಿ ಎರಡು ಬೆಂಚಿಗೆ ಕಟ್ಟಿ ಎಳೆದು ನಿಲ್ಲಿಸಿ, ಹತ್ತಿ ಬಟ್ಟೆಯ ಉಂಡೆಯಿಂದ ಬಳಿದೆ. ಬ್ರಷ್ಷಿಗಿಂತ ಉಂಡೆ ಒಳ್ಳೆಯದು, ಅಂಟು ನೂಲಿನ ಸಂದಿಗೆ ಇಳಿಯುತ್ತದೆ. ಒಂದು ಕೋಟು ಒಣಗಲು ಒಂದು ಹಗಲು ಬೇಕು. ಒಂದೊಂದು ಬದಿಗೆ ಮೂರು ಕೋಟು. ಮೊದಲಿನದು ಅಡ್ಡಡ್ಡ, ಎರಡನೆಯದು ಉದ್ದುದ್ದ. ಒಂದೇ ಬದಿಗೆ ಎರಡು ಕೋಟು ಒಟ್ಟಿಗೆ ಹಾಕಬೇಡಿ, ಬಟ್ಟೆ ಆ ಕಡೆಗೆ ಬಾಗುತ್ತದೆ. ಈ ಬದಿ ಒಂದು, ಆ ಬದಿ ಒಂದು.

ಮೂರನೇ ಕೋಟಿಗೆ ಮುಂಚೆ ಹೊಳೆಯ ನುಣುಪು ಕಲ್ಲಿನಿಂದ ಉಜ್ಜಿದೆ. ಎಷ್ಟು ಉಜ್ಜಬೇಕು ಅನ್ನೋದೇ ಕಷ್ಟ. ಒಂದು ತುದಿಯನ್ನು ಹೊಳಪು ಬರುವ ತನಕ ಉಜ್ಜಿದೆ, ಅಲ್ಲಿ ಈಗಲೂ ಬಳಪ ಜಾರುತ್ತದೆ. ಉಳಿದ ಕಡೆ ಅಂಗೈ ಸವರಿದರೆ ಹೊಸ ಸ್ಲೇಟಿನ ಹಾಗೆ ಅನ್ನಿಸಿದ ತಕ್ಷಣ ನಿಲ್ಲಿಸಿದೆ.

ಮಡಿಕೆಯ ಜಾಗಕ್ಕೆ ಮೂರನೇ ಕೋಟು ಹಾಕಲಿಲ್ಲ, ಅರ್ಧ ಇಂಚು ಪಟ್ಟಿ ಹಾಗೇ ಬಿಟ್ಟೆ. ಪೂರ್ತಿ ಒಣಗುವ ಮುಂಚೆ, ಇನ್ನೂ ಸ್ವಲ್ಪ ತಂಪಿರುವಾಗ ಮಡಚಿ, ಮೇಲೆ ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಇಟ್ಟೆ. ಹತ್ತು ಮಡಿಕೆ ಗೆರೆಯಲ್ಲಿ ಒಂಬತ್ತು ಸರಿ ಬಂದವು. ಐದನೆಯದು ಮಾತ್ರ ಬಿರಿಯಿತು. ಅವತ್ತು ಊಟಕ್ಕೆ ಹೋಗಿ ತಡವಾಗಿ ಬಂದಿದ್ದೆ, ಆ ಭಾಗ ಅಷ್ಟರಲ್ಲಿ ಒಣಗಿಬಿಟ್ಟಿತ್ತು.

ಬಳಪ

ಅಂಗಡಿಯ ಸ್ಲೇಟು ಕಡ್ಡಿ ಗಟ್ಟಿ, ಗೀರುತ್ತದೆ. ಸೀಮೆಸುಣ್ಣ ಮೆತ್ತಗೆ, ಪುಡಿ ಉದುರಿ ಗೆರೆ ಹರಡುತ್ತದೆ. ಚೆನ್ನಾಗಿ ಬಂದಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ. ವೆಲ್ಡಿಂಗ್ ಮಾಡುವವರು ಕಬ್ಬಿಣದ ಮೇಲೆ ಗುರುತು ಹಾಕಲು ಬಳಸುವ ಚಪ್ಪಟೆ ಕಡ್ಡಿ ಇದೆಯಲ್ಲ, ಅದೂ ಬಳಪದ ಕಲ್ಲೇ. ಆರು ಕಡ್ಡಿಗೆ 60 ರೂಪಾಯಿ. ಅಂಚಿನಲ್ಲಿ ಎಳೆದರೆ ಸಣ್ಣ ಗೆರೆ, ಮಗ್ಗುಲಲ್ಲಿ ಎಳೆದರೆ ಅರ್ಧ ಇಂಚಿನ ಪಟ್ಟೆ.

ಇನ್ನೊಂದು, ವಿಗ್ರಹ ಕೆತ್ತುವವರ ಅಂಗಳದಲ್ಲಿ ಬಿದ್ದಿದ್ದ ಚೂರು. ಕೇಳಿದ್ದಕ್ಕೆ ಒಂದು ಚೀಲ ಸುಮ್ನೆ ಕೊಟ್ಟರು. ಬೇಲೂರು ಹಳೇಬೀಡಿನ ಗುಡಿಗಳು ಬಳಪದ ಕಲ್ಲಿನವು ಅಂತ ಓದಿದ್ದೆ, ಅದೇ ಜಾತಿಯ ಕಲ್ಲು ಕೈಯಲ್ಲಿ ಹಿಡಿದು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದಾಗ ಸೋಪು ಕೊಯ್ದಷ್ಟು ಮೆತ್ತಗಿತ್ತು. ಮರಳುಕಾಗದದಲ್ಲಿ ಉಜ್ಜಿ ನಾಲ್ಕು ಬಗೆಯ ತುದಿ ಮಾಡಿಕೊಂಡೆ. ಕಲ್ಲು ನೋಡಲು ಹಸಿರು ಬೂದು, ಗೆರೆ ಮಾತ್ರ ಬಿಳಿ.

ಶಿವರಾತ್ರಿ: ಊರಲ್ಲಿ

ಕಡತ ಕಂಕುಳಲ್ಲಿಟ್ಟುಕೊಂಡು ಊರಿಗೆ ಹೋದೆ. ಕುಟ್ಟುವ ಕೆಲಸ ಜೋರಾಗಿ ನಡೆದಿತ್ತು. ನಾಲ್ಕು ದಿನ ಜಗುಲಿಯಲ್ಲಿ ಕೂತು ಐದು ಮಡಿಕೆ ಬರೆದೆ.

ಬಿಳಿ ಹಾಳೆ ಮೇಲೆ ಇದ್ದಿಲಲ್ಲಿ ಬರೆಯುವಾಗ ನಾವು ನೆರಳು ಹಾಕುತ್ತೇವೆ. ಇಲ್ಲಿ ನೆರಳು ಮೊದಲೇ ಇದೆ, ಬೆಳಕು ಹಾಕಬೇಕು. ಕೈ ಇದಕ್ಕೆ ಒಗ್ಗಲು ಎರಡು ಮಡಿಕೆ ಬೇಕಾಯಿತು. ಮೊದಲ ಮಡಿಕೆಯಲ್ಲಿ ಅಭ್ಯಾಸಬಲದಿಂದ ಅಂಚುಗೆರೆ ಎಳೆದೆ, ಎಲ್ಲ ತಂತಿಯ ಗೊಂಬೆಗಳ ಹಾಗೆ ಕಂಡವು. ಎರಡನೆಯದರಲ್ಲಿ ಅಜ್ಜಿಯ ಬಲಗೈ ಮಾತ್ರ. ಕುಟ್ಟುವ ಕಬ್ಬಿಣ ಹಿಡಿದ ಹೆಬ್ಬೆರಳಿನ ಗಿಣ್ಣಿನ ಮೇಲೆ ಬಳಪವನ್ನು ಮಗ್ಗುಲಾಗಿ ಒಂದು ಸಲ ಎಳೆದೆ. ಅಂಟಿನ ತರಿಗೆ ಪುಡಿ ಅಲ್ಲಲ್ಲಿ ಹಿಡಿದು, ನಡುನಡುವೆ ಕಪ್ಪು ಉಳಿಯಿತು. ಹುಣಸೆ ಹುಳಿಗೆ ಬೆಳ್ಳಗೆ ಬಿರಿದ ಚರ್ಮ ಹಾಗೇ ಬಂತು. ಅಷ್ಟೊತ್ತು ಗೆರೆಯಲ್ಲಿ ಹಿಡಿಯಲು ಹೋಗಿ ಸೋತಿದ್ದು ಒಂದೇ ಎಳೆತಕ್ಕೆ ಬಂದಿತ್ತು. ಆ ಮಡಿಕೆಯನ್ನು ಆಮೇಲೆ ಮುಟ್ಟಿಲ್ಲ.

ನಾಲ್ಕನೇ ಮಡಿಕೆಯಲ್ಲಿ ಬರೆಯಲೇ ಇಲ್ಲ. ಕಡತವನ್ನು ಕುಟ್ಟುವ ಕಲ್ಲಿನ ಮೇಲೆ ಹಾಸಿ, ಚಪ್ಪಟೆ ಬಳಪದಿಂದ ಉಜ್ಜಿದೆ. ಮೂವತ್ತು ನಲವತ್ತು ವರ್ಷದಿಂದ ಏಟು ತಿಂದ ಕಲ್ಲಿನ ಗುಳಿಗಳೆಲ್ಲ ಕಪ್ಪಾಗಿ, ಉಬ್ಬುಗಳು ಬೆಳ್ಳಗೆ ಬಂದವು. ಒಂದು ಮೂಲೆಯಲ್ಲಿ ಜೋರಾಗಿ ಒತ್ತಿದ್ದರಿಂದ ಬಳಿದದ್ದು ಒಡೆದು, ಎರಡು ಇಂಚು ಬಟ್ಟೆ ಕಾಣುತ್ತಿದೆ. ಉಜ್ಜುವಾಗ ಬಟ್ಟೆ ಅಲುಗದಂತೆ ಇನ್ನೊಬ್ಬರು ಹಿಡಿದುಕೊಳ್ಳಬೇಕು.

ಮಾರ್ಚ್: ಎರಡು ದೊಡ್ಡ ತಪ್ಪು

ಒಂದು. ಐದನೇ ಮಡಿಕೆಯಲ್ಲಿ ಮೊಣಕಾಲು ಸರಿ ಬರಲಿಲ್ಲ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸ್ಲೇಟಿನ ಅಭ್ಯಾಸ. ಹುಣಸೆ ಅಂಟು ನೀರಿಗೆ ಕರಗುತ್ತದೆ ಅನ್ನೋದು ನನಗೇ ಗೊತ್ತಿತ್ತು, ಬಿಸಿಲಲ್ಲಿ ಕೆಟ್ಟ ಮೂರು ಅಡಿಯನ್ನು ತೊಳೆದದ್ದು ನಾನೇ. ಆದರೂ ಒರೆಸಿದೆ. ಕಪ್ಪೆಲ್ಲ ಬಟ್ಟೆಗೆ ಬಂತು, ಅಂಗೈಯಗಲ ಬೂದು ಕಲೆ ಉಳಿಯಿತು. ಮತ್ತೆ ಎರಡು ಕೋಟು ಹಚ್ಚಿದ್ದೇನೆ, ಓರೆಯಾಗಿ ನೋಡಿದರೆ ತೇಪೆ ಕಾಣುತ್ತದೆ. ಒಣ ಬಟ್ಟೆಯಲ್ಲೇ ಒರೆಸಿ. ಗೆರೆ ಪೂರ್ತಿ ಹೋಗುವುದಿಲ್ಲ, ಹೊಗೆಯ ಹಾಗೆ ಉಳಿಯುತ್ತದೆ. ಆರನೇ ಮಡಿಕೆಯಲ್ಲಿ ಮೇಲೇಳುವ, ಇಳಿಯುವ ಕೈಯನ್ನು ಹಾಗೇ ಬರೆದು ಒರೆಸಿ, ಬರೆದು ಒರೆಸಿ ಐದು ಸಲ ಮಾಡಿದೆ. ಹಿಂದಿನ ನಾಲ್ಕೂ ಕೈ ಮಸುಕಾಗಿ ಕಾಣುತ್ತವೆ.

ಎರಡು. ಮಡಚಿದಾಗ ಎದುರು ಮಡಿಕೆಗೆ ಬಳಪ ಅಂಟುತ್ತಿತ್ತು. ಇದ್ದಿಲ ಚಿತ್ರ ಅಳಿಸದಂತೆ ಹೊಡೆಯುವ ಫಿಕ್ಸೆಟಿವ್ ಸ್ಪ್ರೇ ತಂದೆ, 220 ರೂಪಾಯಿ. ಮಾದರಿ ತುಂಡಿನ ಮೇಲೆ ನೋಡದೆ ಸೀದಾ ಮೂರನೇ ಮಡಿಕೆಗೆ ಹೊಡೆದೆ. ಮೊರ ಹಿಡಿದು ಕೇರುವ ಅಮ್ಮನ ಚಿತ್ರ ಅದು, ಆರು ಗಂಟೆಯ ಕೆಲಸ. ಒದ್ದೆಯಾದ ಬಳಪ ಪಾರದರ್ಶಕವಾಗುತ್ತದೆ. ನೋಡನೋಡುತ್ತಾ ಮೊರ ಹೋಯಿತು, ಮುಖ ಹೋಯಿತು. ಒಣಗಿದ ಮೇಲೆ ಕಾಲು ಭಾಗವೂ ವಾಪಸ್ ಬರಲಿಲ್ಲ. ಸ್ಪ್ರೇ ಕುಳಿತ ಕಡೆ ಹೊಸ ಗೆರೆಯೂ ಹಿಡಿಯಲಿಲ್ಲ. ಕಲ್ಲಲ್ಲಿ ಉಜ್ಜಿ, ಮೇಲೆ ಒಂದು ಕೋಟು ಹಚ್ಚಿ, ಮತ್ತೆ ಬರೆದೆ. ಎರಡನೇ ಚಿತ್ರ ಕೆಟ್ಟದ್ದೇನಲ್ಲ. ಆದರೆ ಆ ಮುಖ ಮತ್ತೆ ಸಿಗಲಿಲ್ಲ.

ನಮ್ಮ ಮೇಷ್ಟ್ರು ನೋಡಿ, "ಯಾರಾದ್ರೂ ಕೈಯಾಡಿಸಿ ಅಳಿಸಿದ್ರೆ ಏನಮ್ಮ ಮಾಡ್ತೀಯ?" ಅಂದರು. ಅಳಿಯಲಿ ಸರ್, ಇದು ಅದಕ್ಕೇ ಮಾಡಿದ್ದು ಅಂದೆ. ಸ್ಪ್ರೇ ಡಬ್ಬಿ ಗೆಳತಿಗೆ ಕೊಟ್ಟೆ. ಈಗ ಮಡಿಕೆಗಳ ನಡುವೆ ಬಟರ್ ಪೇಪರ್ ಇಡುತ್ತೇನೆ, ಅಷ್ಟೇ.

ಖರ್ಚು

ಬಟ್ಟೆ 340, ಇದ್ದಿಲು 40, ಮೈಲುತುತ್ತ 20, ಹಲಗೆ 150, ವೆಲ್ಡಿಂಗ್ ಬಳಪ 60, ಹ್ಯಾಕ್ಸಾ ಬ್ಲೇಡು 30, ಮರಳುಕಾಗದ 45, ಬಟರ್ ಪೇಪರ್ 50. ಒಟ್ಟು 735 ರೂಪಾಯಿ. ತಪ್ಪಿಗೆ ಹೋದದ್ದು: ಮೈದಾ ಮತ್ತು ಬಿಳಿ ಅಂಟು 70, ಮಿಕ್ಸಿ 180, ಸ್ಲೇಟು ಕಡ್ಡಿ 15, ಸ್ಪ್ರೇ 220. ಅದೇ 485. ಬೀಜ ಮನೆಯದು.

ಈಗಿನ ಸ್ಥಿತಿ

ಐದನೇ ಮಡಿಕೆ ಗೆರೆಯ ಬಿರುಕು ಇನ್ನೂ ಕಾಡುತ್ತಿದೆ. ಎರಡು ಸಲ ತೆಳ್ಳಗೆ ಅಂಟು ಸವರಿದೆ, ನಾಲ್ಕು ಸಲ ಮಡಚಿ ಬಿಚ್ಚುವಷ್ಟರಲ್ಲಿ ಮತ್ತೆ ಬಿಟ್ಟಿತು. ಈಗ ಗೆರೆಯುದ್ದಕ್ಕೂ ಕೆರೆದು ತೆಗೆದು, ಒಳಗಿಂದ ತೆಳ್ಳನೆಯ ಮಲ್ ಬಟ್ಟೆಯ ಪಟ್ಟಿ ಅಂಟಿಸಿ ನೋಡಬೇಕು. ಹಿಂಬದಿಯ ಹನ್ನೊಂದು ಮಡಿಕೆ ಪೂರ್ತಿ ಖಾಲಿ ಇದೆ. ಅದರಲ್ಲಿ ಹುಣಸೆ ಮರ ಬಡಿಯುವ ಗಂಡಸರನ್ನು ಬರೆಯುವ ಯೋಚನೆ.

ಎರಡನೇ ಕಡತಕ್ಕೆ ಐದು ಮೀಟರ್ ಬಟ್ಟೆ ತಂದು, ಮೊನ್ನೆ ಬಿಸಿನೀರಲ್ಲಿ ಕುದಿಸಿ ಹಗ್ಗಕ್ಕೆ ಹಾಕಿದ್ದೆ. ಇವತ್ತು ಅಳೆದೆ, 4 ಮೀಟರ್ 76 ಸೆಂಟಿಮೀಟರ್ ಇದೆ. ಇನ್ನೂ ಕತ್ತರಿ ಹಾಕಿಲ್ಲ.